ಶುಕ್ರವಾರ ಬಂದದ್ದು, ಸೋಮವಾರ ಉಳಿದದ್ದು

(ನಮ್ಮೂರಿನ ಓದುಗರ ಬಳಗದಲ್ಲಿ ಒಂದು ಗುರುವಾರ ಸಂಜೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತಿನ ಜಾಡು ಮಾತ್ರ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಗುರುವಾರ ಸಂಜೆ ಕರೆದಿದ್ದೀರಿ, ಒಳ್ಳೆಯದಾಯಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಾನು ಹದಿನಾಲ್ಕು ವರ್ಷ ಒಂದು ಪತ್ರಿಕೆಯ ಸಿನಿಮಾ ಪುಟದಲ್ಲಿ ಕೆಲಸ ಮಾಡಿದವನು. ವಿಮರ್ಶೆ ಬರೆಯೋರು ಬೇರೆ, ಹೀರೋಗಳ ಸಂದರ್ಶನ ಮಾಡೋರು ಬೇರೆ. ನನ್ನ ಪಾಲಿಗೆ ಬಂದದ್ದು ‘ಈ ವಾರ ತೆರೆಗೆ’. ಒಂದು ಸಿನಿಮಾಕ್ಕೆ ನಾಲ್ಕೇ ಸಾಲು. ಹೆಸರು, ನಿರ್ದೇಶಕರು, ತಾರಾಗಣ, ಕೊನೆಗೆ ಕಥೆಯ ಬಗ್ಗೆ ಒಂದು ಸಾಲು. ಆ ಒಂದು ಸಾಲು ನಿರ್ಮಾಪಕರ ಕಡೆಯಿಂದಲೇ ಬರುತ್ತಿತ್ತು. ನೂರಕ್ಕೆ ತೊಂಬತ್ತು ಸಲ ಅದು ಹೀಗೇ ಇರುತ್ತಿತ್ತು: ‘ಪ್ರೀತಿ, ಸೆಂಟಿಮೆಂಟ್, ಆಕ್ಷನ್ ಎಲ್ಲವೂ ಇರುವ, ಮನೆಮಂದಿಯೆಲ್ಲ ಕೂತು ನೋಡುವ ಚಿತ್ರ.’ ಹಾರರ್ ಸಿನಿಮಾಕ್ಕೂ ಇದೇ ಸಾಲು ಬಂದದ್ದುಂಟು.

ಒಂದು ಸಲ ಹೀಗಾಯಿತು. ಗುರುವಾರ ಸಂಜೆ ಪುಟ ಮುಗಿಸಿ ಮನೆಗೆ ಹೋದೆ. ಪಟ್ಟಿಯಲ್ಲಿ ಐದು ಸಿನಿಮಾ. ಶುಕ್ರವಾರ ಹನ್ನೊಂದು ಗಂಟೆಗೆ ಕಚೇರಿಗೆ ಫೋನ್ ಬಂತು. ಆ ಕಡೆ ಒಬ್ಬ ಅಜ್ಜ. ಹಳ್ಳಿಯಿಂದ ಮೊಮ್ಮಗನನ್ನು ಕರೆದುಕೊಂಡು ಬಸ್ಸಿನಲ್ಲಿ ಪೇಟೆಗೆ ಬಂದಿದ್ದಾರೆ. ‘ನಿಮ್ಮ ಪೇಪರಿನಲ್ಲಿ ಹಾಕಿದ್ದೀರಲ್ಲ ಸ್ವಾಮಿ, ಇಲ್ಲಿ ನೋಡಿದ್ರೆ ಯಾವುದೋ ತೆಲುಗು ಪಿಚ್ಚರ್ ಓಡ್ತಾ ಇದೆ’ ಅಂದರು. ವಿಚಾರಿಸಿದೆ. ಹಿಂದಿನ ರಾತ್ರಿ ಹತ್ತೂವರೆಗೆ ಆ ಸಿನಿಮಾ ಮುಂದಕ್ಕೆ ಹೋಗಿತ್ತು. ಯಾರಿಗೋ ಯಾರೋ ಕೊಡಬೇಕಾದ ದುಡ್ಡು ಕೊಟ್ಟಿರಲಿಲ್ಲ. ನಾನು ಕ್ಷಮೆ ಕೇಳಿದೆ. ಅಜ್ಜ ಬೈಯಲಿಲ್ಲ. ‘ಬಸ್ ಚಾರ್ಜ್ ಯಾರು ಕೊಡ್ತಾರೆ?’ ಅಂತ ಮಾತ್ರ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಲ್ಲಿಂದ ನನಗೆ ಆ ಪಟ್ಟಿಯ ಮೇಲೆ ಅನುಮಾನ ಶುರುವಾಯಿತು. ಸಿನಿಮಾ ‘ಬರುತ್ತಿದೆ’ ಅಂತ ಬರೀತೀವಿ. ಅದು ಬರೋದು ಅಂದ್ರೆ ಏನು? ಎಲ್ಲಿಗೆ ಬರುತ್ತೆ? ಬಂದ ಮೇಲೆ ಎಷ್ಟು ದಿನ ಇರುತ್ತೆ? ಇವತ್ತಿನ ಮಾತೆಲ್ಲ ಇಷ್ಟೇ.

ಮೊದಲು ಶುಕ್ರವಾರದ ವಿಷಯ. ಸಿನಿಮಾ ಅಂದ್ರೆ ಶುಕ್ರವಾರ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಆದರೆ ಹಳೆ ಕ್ಯಾಲೆಂಡರ್ ತೆಗೆದು ನೋಡಿ. ದಾದಾಸಾಹೇಬ್ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ಮುಂಬೈಯ ಕಾರೊನೇಷನ್ ಥಿಯೇಟರಿನಲ್ಲಿ ಜನರಿಗೆ ಕಂಡದ್ದು 1913ರ ಮೇ 3. ದೇಶದ ಮೊದಲ ಟಾಕಿ, ಅಂದ್ರೆ ಮಾತಿನ ಚಿತ್ರ, ‘ಆಲಂ ಆರಾ’ ಬಂದದ್ದು 1931ರ ಮಾರ್ಚ್ 14. ನಮ್ಮ ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’ ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್‌ನಲ್ಲಿ ಶುರುವಾದದ್ದು 1934ರ ಮಾರ್ಚ್ 3. ಮೂರೂ ಶನಿವಾರ! ಒಂದು ಭಾನುವಾರ ಸುಮ್ನೆ ಕೂತು ಲೆಕ್ಕ ಹಾಕಿದಾಗ ಇದು ಗೊತ್ತಾಗಿ ನನಗೇ ನಗು ಬಂತು. ಶನಿ ಹಿಡಿದರೂ ಸಿನಿಮಾ ಬದುಕಿತು ಅನ್ನಿ.

ಶುಕ್ರವಾರ ಯಾವಾಗ ಬಂತು ಅಂದ್ರೆ ಬಹಳ ಜನ ‘ಮುಘಲ್-ಎ-ಆಜಂ’ ಕಡೆ ಕೈ ತೋರಿಸುತ್ತಾರೆ. ಅದು 1960ರ ಆಗಸ್ಟ್ 5, ಶುಕ್ರವಾರ, ನಿಜ. ಆದರೆ ಅದಕ್ಕೂ ಆರು ವರ್ಷ ಮೊದಲು, 1954ರ ಮೇ 7ಕ್ಕೆ, ಡಾ. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ ‘ಬೇಡರ ಕಣ್ಣಪ್ಪ’ ಬಂತು. ಅದೂ ಶುಕ್ರವಾರವೇ. ಹಾಗಾಗಿ ಮುಂಬೈಯವರ ಕಥೆಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಬೆಂಗಳೂರಿನ ಗಾಂಧಿನಗರದ ಸಿನಿಮಾದವರನ್ನು ಕೇಳಿದರೆ ‘ಶುಕ್ರವಾರ ಲಕ್ಷ್ಮಿ ವಾರ ಕಣ್ರೀ’ ಅಂತಾರೆ. ಮಾರನೇ ದಿನ ಶನಿವಾರ, ಆಮೇಲೆ ಭಾನುವಾರ ಅನ್ನೋ ಲೆಕ್ಕ ಲಕ್ಷ್ಮಿಗೂ ಗೊತ್ತಿರುತ್ತೆ ಅಲ್ವಾ? ವರಮಹಾಲಕ್ಷ್ಮಿ ಹಬ್ಬ ಬರೋದೂ ಶುಕ್ರವಾರವೇ, ಆ ದಿನಕ್ಕೆ ನಮ್ಮಲ್ಲಿ ದೊಡ್ಡ ಸಿನಿಮಾಗಳು ಕಾದು ಕೂರುತ್ತವೆ. ಬೇರೆ ಕಡೆ ಬೇರೆ ದಿನ. ಫ್ರಾನ್ಸಿನಲ್ಲಿ ಬುಧವಾರ, ಜರ್ಮನಿಯಲ್ಲಿ ಗುರುವಾರ. ದೇವರು ಒಂದೇ ದಿನ ಗುರುತು ಮಾಡಿ ಕೊಟ್ಟಿಲ್ಲ.

ನಮ್ಮಲ್ಲೂ ಈಗ ಶುಕ್ರವಾರ ಸಡಿಲವಾಗಿದೆ. ‘ಕೆಜಿಎಫ್’ ಮೊದಲ ಭಾಗ 2018ರ ಡಿಸೆಂಬರ್ 21, ಶುಕ್ರವಾರ. ಎರಡನೆಯದು 2022ರ ಏಪ್ರಿಲ್ 14, ಗುರುವಾರ. 2024ರ ಡಿಸೆಂಬರ್‌ನಲ್ಲಿ ಉಪೇಂದ್ರ ಅವರ ‘ಯುಐ’ 20ರ ಶುಕ್ರವಾರ ಬಂದರೆ, ಸುದೀಪ್ ಅವರ ‘ಮ್ಯಾಕ್ಸ್’ ಕ್ರಿಸ್‌ಮಸ್ ದಿನ ಬಂತು, ಬುಧವಾರ. ರಜೆ ಸಿಕ್ಕ ಕಡೆ ವಾರ ಶುರು. ನಾನು ಕೆಲಸ ಬಿಟ್ಟದ್ದು ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಪಟ್ಟಿಯನ್ನು ವಾರಕ್ಕೆ ಮೂರು ಸಲ ಬರೆಯಬೇಕಿತ್ತು.

ಈಗ ಸಿನಿಮಾ ‘ಬರೋದು’ ಹೇಗೆ ಅನ್ನೋದಕ್ಕೆ ಬರೋಣ. ನಮ್ಮ ಸೋದರಮಾವ ಒಂದು ತಾಲ್ಲೂಕು ಊರಿನ ಥಿಯೇಟರಿನಲ್ಲಿ ಆಪರೇಟರ್ ಆಗಿದ್ದರು. ಬೇಸಿಗೆ ರಜೆಯಲ್ಲಿ ನಾನು ಅವರ ಕ್ಯಾಬಿನ್‌ನಲ್ಲೇ ಇರುತ್ತಿದ್ದೆ. ಎರಡು ಪ್ರೊಜೆಕ್ಟರ್. ಒಳಗೆ ಕಾರ್ಬನ್ ಕಡ್ಡಿ ಉರಿಯುತ್ತಿತ್ತು. ಸಾವಿರ ಅಡಿಯ ಒಂದು ರೀಲು ಹನ್ನೊಂದು ನಿಮಿಷ ಓಡುತ್ತೆ. ಎರಡೂವರೆ ಗಂಟೆ ಸಿನಿಮಾ ಅಂದ್ರೆ ಹದಿನಾಲ್ಕು ರೀಲು. ರೀಲು ಮುಗಿಯುವ ಮುಂಚೆ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕಿ ಮಿಂಚಿ ಮಾಯವಾಗುತ್ತಿತ್ತು. ಆಗ ಮಾವ ಎರಡನೇ ಯಂತ್ರದ ಮೋಟಾರ್ ಹಾಕುತ್ತಿದ್ದರು. ಕೆಲವು ಸೆಕೆಂಡು ಬಿಟ್ಟು ಇನ್ನೊಂದು ಚುಕ್ಕಿ. ಕೈ ಬದಲು. ಕೆಳಗೆ ಕೂತ ಒಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಇವತ್ತಿಗೂ ಹಳೆ ಸಿನಿಮಾ ಟಿವಿಯಲ್ಲಿ ಬಂದರೆ ನನ್ನ ಕಣ್ಣು ಹೀರೋಯಿನ್ ಬಿಟ್ಟು ಆ ಮೂಲೆಗೇ ಹೋಗುತ್ತೆ.

ಆ ಊರಿನಲ್ಲಿ ಇನ್ನೊಂದು ಥಿಯೇಟರ್ ಇತ್ತು. ಕೆಲವೊಮ್ಮೆ ಎರಡಕ್ಕೂ ಸೇರಿ ಒಂದೇ ಪ್ರಿಂಟ್, ಅಂದ್ರೆ ಒಂದೇ ಸೆಟ್ ರೀಲು. ಇಲ್ಲಿ ಆರೂವರೆಗೆ ಶೋ, ಅಲ್ಲಿ ಏಳೂಕಾಲಿಗೆ. ಇಲ್ಲಿ ಮುಗಿದ ರೀಲನ್ನು ಹುಡುಗನೊಬ್ಬ ಸೈಕಲ್ ಕ್ಯಾರಿಯರ್‌ಗೆ ಕಟ್ಟಿಕೊಂಡು ಅಲ್ಲಿಗೆ ಓಡಿಸುತ್ತಿದ್ದ. ನಡುವೆ ರೈಲ್ವೆ ಗೇಟ್. ಗೂಡ್ಸ್ ಗಾಡಿ ಬಂದರೆ ಆ ಥಿಯೇಟರಿನಲ್ಲಿ ಇಂಟರ್‌ವಲ್ ಅರ್ಧ ಗಂಟೆ! ಕಡ್ಲೆಕಾಯಿ ಮಾರುವವನು ಆ ಗೂಡ್ಸ್ ಗಾಡಿಗೆ ಕೈ ಮುಗಿಯುತ್ತಿದ್ದ ಅಂತ ಮಾವ ಹೇಳುತ್ತಿದ್ದರು.

ನಮ್ಮಜ್ಜಿಯ ಊರಲ್ಲಿ ಥಿಯೇಟರ್ ಇರಲಿಲ್ಲ, ಟೆಂಟ್ ಇತ್ತು. ಬೆಂಗಳೂರಿನಲ್ಲಿ ಬಂದ ಸಿನಿಮಾ ಮೊದಲು ಜಿಲ್ಲಾ ಕೇಂದ್ರ, ಆಮೇಲೆ ತಾಲ್ಲೂಕು, ಆಮೇಲೆ ಟೆಂಟ್. ಅಲ್ಲಿಗೆ ಬರೋ ಹೊತ್ತಿಗೆ ಪ್ರಿಂಟ್ ತುಂಬಾ ಗೀರು, ಅಲ್ಲಲ್ಲಿ ಕತ್ತರಿಸಿ ಅಂಟಿಸಿದ್ದು. ಟೆಂಟಿನ ಮೈಕಿನಲ್ಲಿ ವೆಂಕಟೇಶನ ಮೇಲಿನ ಹಾಡು ಬಂತೆಂದರೆ ಆಟ ಶುರುವಾಗುತ್ತೆ ಅಂತ ಅರ್ಥ. ಅಜ್ಜಿ ಒಲೆ ಆರಿಸಿ ಹೊರಡುತ್ತಿದ್ದರು. ಅವರಿಗೆ ‘ಈ ವಾರ ಹೊಸದು’ ಅಂದ್ರೆ ಬೆಂಗಳೂರಲ್ಲಿ ಹೋದ ವರ್ಷದ್ದು. ಅದರಿಂದ ಅವರಿಗೇನೂ ನಷ್ಟ ಆಗಲಿಲ್ಲ. ಸಿನಿಮಾ ನಿಧಾನವಾಗಿ ನಡೆದು ಬರುತ್ತಿತ್ತು. ಅದು ಹೇಗಿದೆ ಅನ್ನೋ ಮಾತು ಅದಕ್ಕಿಂತ ಮೊದಲೇ ಬಂದಿರುತ್ತಿತ್ತು.

ಈಗ ಸಿನಿಮಾ ಹಾರ್ಡ್ ಡಿಸ್ಕಿನಲ್ಲೋ ಉಪಗ್ರಹದಿಂದಲೋ ಬರುತ್ತೆ. ಒಂದು ಸಿನಿಮಾ ಹೆಚ್ಚುಕಡಿಮೆ 200 ಜಿಬಿ. ಆದರೆ ಡಿಸ್ಕ್ ಕೈಗೆ ಬಂದರೂ ಸಿನಿಮಾ ಬಂದಂತಲ್ಲ. ಅದಕ್ಕೆ ಬೀಗ ಇದೆ. ಬೀಗದ ಕೈಗೆ ಕೆಡಿಎಂ ಅಂತಾರೆ. ಇಮೇಲ್‌ನಲ್ಲಿ ಬರುವ ಒಂದು ಪುಟ್ಟ ಫೈಲ್. ಈ ಥಿಯೇಟರಿನ ಈ ಯಂತ್ರಕ್ಕೆ ಮಾತ್ರ, ಈ ದಿನ ಈ ಗಂಟೆಯಿಂದ ಈ ದಿನ ಈ ಗಂಟೆಯವರೆಗೆ ಮಾತ್ರ ಅಂತ ಅದರಲ್ಲಿ ಬರೆದಿರುತ್ತೆ. ಪಕ್ಕದ ಸ್ಕ್ರೀನಿನಲ್ಲಿ ಹಾಕಿದರೆ ತೆರೆಯಲ್ಲ. ಒಂದು ನಿಮಿಷ ಮುಂಚೆ ಹಾಕಿದರೂ ತೆರೆಯಲ್ಲ. ಬಾಕಿ ಇದ್ದರೆ ಕೀ ಬರಲ್ಲ. ಅಜ್ಜನ ಬಸ್ ಚಾರ್ಜ್ ಹೋದದ್ದು ಇದೇ ಕೀ ಇಲ್ಲದೆ. ಡಿಸ್ಕ್ ಥಿಯೇಟರಿನ ಮೇಜಿನ ಮೇಲೇ ಇತ್ತಂತೆ.

ಈ ಡಿಜಿಟಲ್ ವ್ಯವಸ್ಥೆಗೆ ನಿರ್ಮಾಪಕರು ಪ್ರತಿ ಥಿಯೇಟರಿಗೂ ಶುಲ್ಕ ಕಟ್ಟಬೇಕು. ಪ್ರಿಂಟ್ ಹಾಕಿಸುವುದಕ್ಕಿಂತ ಬಹಳ ಅಗ್ಗ. ಆದರೂ ಅದು ಜಾಸ್ತಿ ಆಯಿತು ಅಂತ ದಕ್ಷಿಣದ ನಿರ್ಮಾಪಕರು 2018ರ ಮಾರ್ಚ್‌ನಲ್ಲಿ ಹೊಸ ಸಿನಿಮಾ ಕೊಡೋದನ್ನೇ ನಿಲ್ಲಿಸಿದ್ದರು. ಆ ಜಗಳದಲ್ಲಿ ಎರಡೂ ಕಡೆ ಸ್ವಲ್ಪ ಸ್ವಲ್ಪ ನ್ಯಾಯ ಇತ್ತು. ನನಗೆ ಮುಖ್ಯ ಅನ್ನಿಸೋದು ಬೇರೆ. ಪ್ರಿಂಟ್ ದುಬಾರಿ ಇದ್ದಾಗ ಸಿನಿಮಾ ಇಪ್ಪತ್ತೋ ಮೂವತ್ತೋ ಕಡೆ ಬಂದು ತಿಂಗಳುಗಟ್ಟಲೆ ಓಡುತ್ತಿತ್ತು. ಡಿಜಿಟಲ್ ಬಂದ ಮೇಲೆ ಇನ್ನೂರು, ಮುನ್ನೂರು ಕಡೆ ಒಂದೇ ಬೆಳಿಗ್ಗೆ ಬರಬಹುದು. ಹಾಗೆ ಬಂದದ್ದು ಹಾಗೇ ಒಂದೇ ಬೆಳಿಗ್ಗೆ ಹೋಗಲೂಬಹುದು. ಅಗಲ ಜಾಸ್ತಿ ಆಯಿತು, ಉದ್ದ ಕಡಿಮೆ ಆಯಿತು.

ಇನ್ನು ದುಡ್ಡಿನ ಮಾತು. ಬೇಜಾರು ಮಾಡಿಕೊಳ್ಳಬೇಡಿ, ಬೇಗ ಮುಗಿಸುತ್ತೇನೆ. ಗಾಂಧಿನಗರದವರು ರಾಜ್ಯವನ್ನು ತಮ್ಮದೇ ರೀತಿಯಲ್ಲಿ ಹಂಚಿಕೊಂಡಿದ್ದಾರೆ. ಬಿಕೆಟಿ ಅಂದ್ರೆ ಬೆಂಗಳೂರು, ಕೋಲಾರ, ತುಮಕೂರು. ಮೈಸೂರು, ಮಂಡ್ಯ ಸೀಮೆ ಎಂಎಂಸಿಎಚ್. ಹುಬ್ಬಳ್ಳಿ ಬೇರೆ, ಶಿವಮೊಗ್ಗ ಬೇರೆ, ಚಿತ್ರದುರ್ಗ–ದಾವಣಗೆರೆ ಬೇರೆ, ಹೈದರಾಬಾದ್ ಕರ್ನಾಟಕ ಬೇರೆ. ಸರ್ಕಾರ ಕಲ್ಯಾಣ ಕರ್ನಾಟಕ ಅಂದರೂ ವಿತರಕರ ಬಾಯಲ್ಲಿ ಹಳೇ ಹೆಸರೇ. ಮೊದಲು ಒಂದೊಂದು ಏರಿಯಾಕ್ಕೂ ಒಬ್ಬೊಬ್ಬರು ಬಂದು ಎಂಜಿ ಕೊಟ್ಟು, ಅಂದ್ರೆ ಮಿನಿಮಮ್ ಗ್ಯಾರಂಟಿ ಅಂತ ಒಂದು ಮೊತ್ತ ಮೊದಲೇ ಕೊಟ್ಟು, ಸಿನಿಮಾ ತಗೋತಿದ್ದರು. ಸೋತರೆ ಅವರ ಜೇಬೂ ಹರಿಯುತ್ತಿತ್ತು. ಹಾಗಾಗಿ ಅವರೂ ನಿಂತು ಓಡಿಸುತ್ತಿದ್ದರು. ಈಗ ಸ್ಟಾರ್ ಇಲ್ಲದ ಸಿನಿಮಾಕ್ಕೆ ಎಂಜಿ ಕೊಡೋರು ಅಪರೂಪ. ಕಮಿಷನ್ ಲೆಕ್ಕ. ಸೋತರೆ ನಿರ್ಮಾಪಕರೇ ಸೋಲಬೇಕು. ಸಿಂಗಲ್ ಸ್ಕ್ರೀನ್ ಆದರೆ ಬಹಳ ಕಡೆ ವಾರದ ಬಾಡಿಗೆ ಮುಂಗಡ. ಜನ ಬರಲಿ ಬಿಡಲಿ, ಬಾಡಿಗೆ ಬಾಡಿಗೆಯೇ.

ಮಲ್ಟಿಪ್ಲೆಕ್ಸ್‌ನಲ್ಲಿ ಹಂಚಿಕೆ. 2009ರಲ್ಲಿ ಹಿಂದಿ ನಿರ್ಮಾಪಕರು ಎರಡು ತಿಂಗಳು ಸಿನಿಮಾ ಬಿಡದೆ ಜಗಳ ಆಡಿ ಒಂದು ಲೆಕ್ಕಕ್ಕೆ ಬಂದರು. ಮೊದಲ ವಾರ ನಿರ್ಮಾಪಕರ ಕಡೆಗೆ 50 ಪರ್ಸೆಂಟ್, ಎರಡನೇ ವಾರ 42.5, ಮೂರನೇ ವಾರ 37.5, ಆಮೇಲೆ 30. ಈ ಇಳಿಜಾರನ್ನು ಸರಿಯಾಗಿ ನೋಡಿ. ಸಿನಿಮಾ ಹಳೆಯದಾದಷ್ಟೂ ಮಾಡಿದವರಿಗೆ ಸಿಗೋದು ಕಡಿಮೆ. ಮೊದಲ ವಾರವೇ ಬಾಚಿಕೊಳ್ಳಬೇಕು. ಅಂದಮೇಲೆ ಎಲ್ಲರೂ ಮೊದಲ ಮೂರು ದಿನಕ್ಕೆ ಬಾಯಿ ಬಿಡುತ್ತಾರೆ. ಸಹಜವೇ ಅಲ್ವಾ?

ಒಂದು ಲೆಕ್ಕ ಹಾಕೋಣ. ತೆರಿಗೆ ಬಿಟ್ಟು 200 ರೂಪಾಯಿ ಟಿಕೆಟ್. ಅರ್ಧ ಅಂದ್ರೆ 100 ರೂಪಾಯಿ. ಹೊಸಬರ ತಂಡವೊಂದು ಪ್ರಚಾರಕ್ಕೆ ಅಂತ 50 ಲಕ್ಷ ಖರ್ಚು ಮಾಡಿದೆ ಅನ್ನಿ. ಆ ಪ್ರಚಾರದ ದುಡ್ಡು ಮಾತ್ರ ವಾಪಸ್ ಬರೋದಕ್ಕೆ 50,000 ಜನ ಟಿಕೆಟ್ ತಗೋಬೇಕು. ಸಿನಿಮಾ ಮಾಡಿದ ಖರ್ಚು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಕನ್ನಡದಲ್ಲಿ ವರ್ಷಕ್ಕೆ ಇನ್ನೂರಕ್ಕೂ ಜಾಸ್ತಿ ಸಿನಿಮಾ ಬರುತ್ತವೆ. ಇರೋದು 52 ಶುಕ್ರವಾರ. ಸರಾಸರಿ ವಾರಕ್ಕೆ ನಾಲ್ಕು. ಆದರೆ ಅವು ಸರಾಸರಿ ನೋಡಿಕೊಂಡು ಬರಲ್ಲ. ಪರೀಕ್ಷೆ ಇದ್ದಾಗ, ಐಪಿಎಲ್ ಇದ್ದಾಗ, ಚುನಾವಣೆ ಇದ್ದಾಗ ಯಾರೂ ಬರಲ್ಲ. ಆಮೇಲೆ ಒಂದೇ ಶುಕ್ರವಾರ ಎಂಟು, ಹತ್ತು. ಜೊತೆಗೆ ತೆಲುಗು, ತಮಿಳು, ಹಿಂದಿ, ಇಂಗ್ಲಿಷ್. ಕನ್ನಡಕ್ಕೆ ಡಬ್ ಮಾಡೋದನ್ನು ತಡೆಯಬಾರದು ಅಂತ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಡಬ್ಬಿಂಗಿಗೂ ದಾರಿಯಾಯಿತು. ಒಂದೇ ಸಿನಿಮಾ ಪಟ್ಟಿಯಲ್ಲಿ ಮೂರು ಭಾಷೆಯಲ್ಲಿ ಕೂತಿರುತ್ತೆ.

ಸುಮ್ನೆ ಹೇಳಿದರೆ ಆಗಲ್ಲ, ಒಂದು ವಾರವನ್ನೇ ಹತ್ತಿರದಿಂದ ನೋಡೋಣ. 2022ರ ಸೆಪ್ಟೆಂಬರ್ 30. ಶುಕ್ರವಾರ. ಆ ದಿನದ ಪಟ್ಟಿ ಹೀಗಿತ್ತು. ಮಣಿರತ್ನಂ ಅವರ ‘ಪೊನ್ನಿಯಿನ್ ಸೆಲ್ವನ್’ ಮೊದಲ ಭಾಗ, ತಮಿಳಿನ ಜೊತೆ ಕನ್ನಡ ಡಬ್ಬಿಂಗೂ ಇತ್ತು. ಹಿಂದಿಯ ‘ವಿಕ್ರಂ ವೇದಾ’, ಹೃತಿಕ್ ರೋಷನ್, ಸೈಫ್ ಅಲಿ ಖಾನ್. ಕನ್ನಡದಲ್ಲಿ ಜಗ್ಗೇಶ್ ಅವರ ‘ತೋತಾಪುರಿ’. ಇನ್ನೊಂದು ಕನ್ನಡದ್ದು ‘ಕಾಂತಾರ’. ಗುರುವಾರ ರಾತ್ರಿ ಆ ಪಟ್ಟಿ ನೋಡಿದವರಲ್ಲಿ ಎಷ್ಟು ಜನ ನಾಲ್ಕನೆಯದರ ಮೇಲೆ ಪಣ ಕಟ್ಟುತ್ತಿದ್ದರು? ನಾನಂತೂ ಕಟ್ಟುತ್ತಿರಲಿಲ್ಲ. ಕರಾವಳಿಯ ದೈವದ ಕಥೆ, ಕುಂದಾಪುರದ ಮಾತು, ಮೈಸೂರು ಕಡೆ ಅರ್ಥ ಆಗುತ್ತಾ ಅಂತ ನನ್ನದೇ ಅನುಮಾನ. ನನ್ನ ಭವಿಷ್ಯವಾಣಿಯ ಮಟ್ಟ ಇದು, ನಂಬಬೇಡಿ.

ಎರಡನೇ ವಾರ ‘ಕಾಂತಾರ’ದ ಶೋ ಕಡಿಮೆ ಆಗುವ ಬದಲು ಜಾಸ್ತಿ ಆಯಿತು. ಅಕ್ಟೋಬರ್ 14ಕ್ಕೆ ಹಿಂದಿಗೆ ಹೋಯಿತು, ಮಾರನೇ ದಿನ ತೆಲುಗಿಗೆ. ಡಿಸೆಂಬರ್‌ನಲ್ಲಿ ತುಳುವಿಗೂ ಬಂತು. ಇದನ್ನು ಎಲ್ಲರೂ ಬಾಯಿಮಾತಿನ ಗೆಲುವು ಅಂತಾರೆ. ಅದು ನಿಜ. ಆದರೆ ಬರೀ ಅಷ್ಟೇ ಅಂದರೆ ನಾನು ಒಪ್ಪಲ್ಲ. ಎರಡು ವಿಷಯ ಮರೆಯುತ್ತೀವಿ.

ಕ್ಯಾಲೆಂಡರ್ ನೋಡಿ. ಸೆಪ್ಟೆಂಬರ್ 30 ಶುಕ್ರವಾರ. ಅಕ್ಟೋಬರ್ 2 ಭಾನುವಾರ, ಗಾಂಧಿ ಜಯಂತಿ. 4ನೇ ತಾರೀಖು ಮಂಗಳವಾರ ಆಯುಧಪೂಜೆ, 5 ಬುಧವಾರ ವಿಜಯದಶಮಿ. ನಡುವೆ ಸಿಕ್ಕಿದ್ದು ಒಂದೇ ಸೋಮವಾರ, ಅದನ್ನೂ ಎಷ್ಟೋ ಜನ ರಜೆಗೆ ಸೇರಿಸಿಕೊಂಡು ಊರಿಗೆ ಹೋಗಿದ್ದರು. ರಜೆ ಮುಗಿದು ಜನ ಕಡಿಮೆಯಾಗುತ್ತಾರೆ ಅಂತ ಸಿನಿಮಾದವರು ಹೆದರುವ ಸೋಮವಾರ ಆ ವಾರದಲ್ಲಿ ಇರಲೇ ಇಲ್ಲ! ಶುಕ್ರವಾರ ನೋಡಿದವರು ಊರಿಗೆ ಹೋಗಿ ಹೇಳೋದಕ್ಕೆ, ಕೇಳಿದವರು ಮನೆಮಂದಿಯನ್ನು ಕಟ್ಟಿಕೊಂಡು ಹೋಗೋದಕ್ಕೆ ಐದಾರು ದಿನ ಸಿಕ್ಕಿತು.

ಎರಡನೆಯದು, ಹಿಂದೆ ನಿಂತವರು. ಅದು ಪಾಪದ ಸಿನಿಮಾ ಏನಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ‘ಕೆಜಿಎಫ್’ ಎರಡನೇ ಭಾಗ ಕೊಟ್ಟ ನಿರ್ಮಾಪಕರು, ಹೊಂಬಾಳೆ ಫಿಲ್ಮ್ಸ್‌ನವರದ್ದು. ಥಿಯೇಟರ್ ಹಿಡಿದು ನಿಲ್ಲಿಸುವ ಶಕ್ತಿ ಅವರಿಗಿತ್ತು. ರಿಷಬ್ ಶೆಟ್ಟಿ ಅವರ ಕೆಲಸವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಅಷ್ಟೇ ಚೆನ್ನಾಗಿರುವ ಇನ್ನೊಂದು ಸಿನಿಮಾ, ಹಿಂದೆ ಯಾರೂ ಇಲ್ಲದೆ, ಸಾಮಾನ್ಯ ವಾರದಲ್ಲಿ ಬಂದಿದ್ದರೆ? ಬಾಯಿಮಾತು ಬಸ್ಸಿನಲ್ಲಿ ಬರುತ್ತೆ ಸ್ವಾಮಿ. ಅದು ಬಂದು ತಲುಪುವ ಹೊತ್ತಿಗೆ ಸಿನಿಮಾ ಅಲ್ಲಿರಬೇಕು.

ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಚಿಕ್ಕ ಸಿನಿಮಾಕ್ಕೆ ಮಲ್ಟಿಪ್ಲೆಕ್ಸ್‌ನಲ್ಲಿ ಬೆಳಿಗ್ಗೆ ಹತ್ತರ ಒಂದು ಆಟ, ಇಲ್ಲ ರಾತ್ರಿ ಹತ್ತರ ಒಂದು ಆಟ. ಬೆಳಿಗ್ಗೆ ಹತ್ತಕ್ಕೆ ಯಾರು ಬರ್ತಾರೆ? ಹನ್ನೆರಡು ಜನ. ಭಾನುವಾರ ರಾತ್ರಿ ಲೆಕ್ಕ ತೆಗೆಯುತ್ತಾರೆ. ಡಿಸಿಆರ್ ಅಂತ ಒಂದು ಹಾಳೆ, ದಿನದ ಕಲೆಕ್ಷನ್ ರಿಪೋರ್ಟ್. ಯಾವ ಕ್ಲಾಸು, ಟಿಕೆಟ್ ನಂಬರ್ ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಮಾರಿತು, ತೆರಿಗೆ ಎಷ್ಟು, ಉಳಿದದ್ದೆಷ್ಟು. ಅದರಲ್ಲಿ ‘ಆಟ ಬೆಳಿಗ್ಗೆ ಹತ್ತಕ್ಕಿತ್ತು’ ಅನ್ನೋದಕ್ಕೆ ಕಾಲಂ ಇರಬಹುದು, ‘ಅದಕ್ಕೇ ಜನ ಬರಲಿಲ್ಲ’ ಅನ್ನೋದಕ್ಕೆ ಕಾಲಂ ಇಲ್ಲ. ಸೋಮವಾರ ಎತ್ತಂಗಡಿ. ಥಿಯೇಟರಿನವರನ್ನು ಬೈದು ಏನು ಮಾಡೋದು? ಹನ್ನೆರಡು ಜನಕ್ಕೆ ಎಸಿ ಹಾಕಿ, ಕರೆಂಟ್ ಬಿಲ್ ಕಟ್ಟೋರು ಅವರು. ನಿರ್ಮಾಪಕರಿಗೂ ಅವರಿಗೂ ಇಬ್ಬರಿಗೂ ಕಷ್ಟ ಇದೆ. ಮೂರು ದಿನಕ್ಕೆ ತೀರ್ಪು ಕೊಡುವ ಕ್ರಮ ಮಾತ್ರ ನನಗೆ ಅನ್ಯಾಯ ಅನ್ನಿಸುತ್ತೆ. ಮೊದಲು ಪೋಸ್ಟರ್ ಮೇಲೆ ಅಂಟಿಸುವ ‘ಭರ್ಜರಿ 2ನೇ ವಾರ’ ಚೀಟಿಯನ್ನು ಪೋಸ್ಟರ್ ಜೊತೆಗೇ, ಬಿಡುಗಡೆಗೆ ಮುಂಚೆಯೇ ಪ್ರಿಂಟ್ ಮಾಡಿಸಿ ಇಡುತ್ತಿದ್ದರು. ನಾವು ನಗುತ್ತಿದ್ದೆವು. ಈಗ ನೆನೆಸಿಕೊಂಡರೆ ಎರಡನೇ ವಾರ ಅನ್ನೋದೊಂದು ಇರುತ್ತೆ ಅಂತ ಅವರಿಗೆ ನಂಬಿಕೆ ಇತ್ತಲ್ಲ ಅನ್ನಿಸುತ್ತೆ.

ಆದರೆ 2006ರ ಕೊನೇ ಶುಕ್ರವಾರ, ಡಿಸೆಂಬರ್ 29, ಯೋಗರಾಜ್ ಭಟ್ಟರ ‘ಮುಂಗಾರು ಮಳೆ’ ಬಂತು. ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲೇ ವರ್ಷಕ್ಕೂ ಜಾಸ್ತಿ ಓಡಿತು. ಡಿಸೆಂಬರಿನಲ್ಲಿ ಬಂದ ಮಳೆ ಮುಂದಿನ ಮುಂಗಾರನ್ನೂ ದಾಟಿ ನಿಂತಿತ್ತು.

ಕೆಲವು ಶುಕ್ರವಾರಗಳು ಲೆಕ್ಕದ ಹೊರಗಿನವು. 2020ರ ಮಾರ್ಚ್ 13 ಶುಕ್ರವಾರ. ಕೊರೊನಾ ಕಾರಣಕ್ಕೆ ಮಾರನೇ ದಿನದಿಂದ ರಾಜ್ಯದ ಥಿಯೇಟರ್ ಬಂದ್. ಒಂದು ವಾರ ಅಂದರು. ಬಾಗಿಲು ತೆರೆದದ್ದು ಅಕ್ಟೋಬರಿನಲ್ಲಿ, ಅದೂ ಅರ್ಧ ಸೀಟಿಗೆ. ಆ ವಾರ ಬಂದ ಸಿನಿಮಾಗಳಿಗೆ ಸಿಕ್ಕಿದ್ದು ಒಂದೆರಡು ದಿನ. 2023ರ ಸೆಪ್ಟೆಂಬರ್ 29ಕ್ಕೆ ಕಾವೇರಿಗಾಗಿ ಕರ್ನಾಟಕ ಬಂದ್, ಅದೂ ಶುಕ್ರವಾರ.

2021ರ ಅಕ್ಟೋಬರ್ 29 ನೆನಪಿದೆಯಲ್ಲ. ಶಿವರಾಜ್‌ಕುಮಾರ್ ಅವರ ‘ಭಜರಂಗಿ 2’ ಅವತ್ತೇ ಬಿಡುಗಡೆ. ಬೆಳಗಿನ ಆಟಕ್ಕೆ ಕಟೌಟ್, ಹಾರ, ಪಟಾಕಿ. ಮಧ್ಯಾಹ್ನದ ಹೊತ್ತಿಗೆ ತಮ್ಮ ಪುನೀತ್ ಇಲ್ಲ ಅನ್ನೋ ಸುದ್ದಿ. ನಾನು ಆಗ ಒಂದು ಥಿಯೇಟರಿನ ಮುಂದೆ ಇದ್ದೆ. ಒಳಗಿದ್ದವರು ಒಬ್ಬೊಬ್ಬರಾಗಿ ಫೋನ್ ನೋಡುತ್ತಾ ಹೊರಗೆ ಬಂದರು. ಯಾರೂ ಟಿಕೆಟ್ ದುಡ್ಡು ವಾಪಸ್ ಕೇಳಲಿಲ್ಲ. ಕಟೌಟ್ ಮೇಲೆ ಹತ್ತಿದ್ದ ಹುಡುಗ ಹಾರವನ್ನು ಕೈಯಲ್ಲೇ ಹಿಡಿದು ಕೆಳಗಿಳಿದ. ಆ ವಾರದ ಪಟ್ಟಿಯಲ್ಲಿ ಏನೇನಿತ್ತು ಅಂತ ಈಗ ಕೇಳಿದರೆ ನನಗೆ ಹೊಳೆಯಲ್ಲ.

ಮುಂದೆ 2022ರ ಮಾರ್ಚ್ 17, ಪುನೀತ್ ಹುಟ್ಟುಹಬ್ಬಕ್ಕೆ ‘ಜೇಮ್ಸ್’ ಬಂತು. ಅದಕ್ಕೆ ಅಡ್ಡ ಬರದ ಹಾಗೆ ಕನ್ನಡದ ಉಳಿದವರು ಆ ವಾರ ಬಿಟ್ಟುಕೊಟ್ಟರು. ಎಂಟು ದಿನ ಕಳೆದು 25ಕ್ಕೆ ‘ಆರ್‌ಆರ್‌ಆರ್’ ಬಂತು. ಕೆಲವು ಕಡೆ ‘ಜೇಮ್ಸ್’ ಎತ್ತುತ್ತಿದ್ದಾರೆ ಅಂತ ಗಲಾಟೆ ಎದ್ದಿತು. ಅಂಥ ಸಿನಿಮಾಕ್ಕೇ ಎರಡನೇ ವಾರಕ್ಕೆ ಜಗಳ ಆಡಬೇಕಾಯಿತು ಅಂದರೆ ಉಳಿದವರ ಪಾಡು ನೀವೇ ಯೋಚಿಸಿ.

(ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಹಾಕಿದ್ದೇನೆ.)

ಒಬ್ಬ ಮೇಷ್ಟ್ರು ಕೇಳಿದರು: ‘ಟಿಕೆಟ್ 200 ರೂಪಾಯಿ ಮೀರಬಾರದು ಅಂತ ಮಾಡಿದ್ರಲ್ಲ, ಅದು ಏನಾಯಿತು?’

ಹೌದು ಸರ್. 2025ರ ಸೆಪ್ಟೆಂಬರ್ 12ಕ್ಕೆ ರಾಜ್ಯ ಸರ್ಕಾರದ ನಿಯಮ ಬಂತು. ತೆರಿಗೆ ಬಿಟ್ಟು 200 ರೂಪಾಯಿ. 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ ಐಷಾರಾಮಿ ಹಾಲ್‌ಗಳಿಗೆ ವಿನಾಯಿತಿ. ಹನ್ನೊಂದು ದಿನಕ್ಕೆ, 23ರಂದು, ಹೈಕೋರ್ಟ್ ತಡೆ ಕೊಟ್ಟಿತು. ಅದರ ಹಿಂದಿನ ದಿನವಷ್ಟೇ ಜಿಎಸ್‌ಟಿ ಬದಲಾಗಿತ್ತು. 100 ರೂಪಾಯಿವರೆಗಿನ ಟಿಕೆಟ್‌ಗೆ 5 ಪರ್ಸೆಂಟ್, ಅದಕ್ಕೆ ಮೇಲೆ 18. ನನ್ನ ಅಭಿಪ್ರಾಯ ಕೇಳಿದರೆ, ದರ ಇಳಿದರೆ ನನಗೂ ಖುಷಿ. ನಾಲ್ಕು ಜನರ ಮನೆಯವರು ಪಾಪ್‌ಕಾರ್ನ್ ಸೇರಿಸಿ ಒಂದೂವರೆ ಸಾವಿರ ಕೊಟ್ಟು ‘ಹೊಸಬರದ್ದು ಹೇಗಿದೆ ನೋಡೋಣ’ ಅಂತ ಹೋಗಲ್ಲ. ಆ ದುಡ್ಡಿಗೆ ಗ್ಯಾರಂಟಿ ಹುಡುಕುತ್ತಾರೆ. ಗ್ಯಾರಂಟಿ ಅಂದ್ರೆ ಸ್ಟಾರ್.

ಒಬ್ಬಳು ಹುಡುಗಿ ಕೇಳಿದಳು: ‘ನಾಲ್ಕು ವಾರಕ್ಕೆ ಓಟಿಟಿಗೆ ಬರುತ್ತಲ್ಲ ಸರ್, ಕಾದರೆ ಏನು ತಪ್ಪು?’

ತಪ್ಪೇನಿಲ್ಲಮ್ಮ. ದಕ್ಷಿಣದ ಸಿನಿಮಾಗಳು ನಾಲ್ಕು ವಾರಕ್ಕೆ ಬರೋದು ರೂಢಿ. ಹಿಂದಿಯವರಿಗೆ ಎಂಟು ವಾರ ಅಂತ ಮಲ್ಟಿಪ್ಲೆಕ್ಸ್‌ನವರು ಹಠ ಹಿಡಿದಿದ್ದಾರೆ. ಆದರೆ ಎಲ್ಲ ಕನ್ನಡ ಸಿನಿಮಾವನ್ನೂ ಓಟಿಟಿಯವರು ಕೊಳ್ಳಲ್ಲ. ಥಿಯೇಟರಿನಲ್ಲಿ ಹೇಗೆ ಓಡಿತು ಅಂತ ಮೊದಲು ನೋಡುತ್ತಾರೆ. ನೀನು ಓಟಿಟಿಗೆ ಬರಲಿ ಅಂತ ಕಾಯುತ್ತೀಯ, ಅವರು ನೀನು ಥಿಯೇಟರಿಗೆ ಹೋಗ್ತೀಯಾ ಅಂತ ಕಾಯುತ್ತಾರೆ. ಅಮೆರಿಕದಲ್ಲಿರುವ ನಮ್ಮವರೇ ವಾಸಿ. ಮೊದಲೆಲ್ಲ ಕನ್ನಡ ಕೂಟದವರು ಒಂದು ಹಾಲ್ ಬಾಡಿಗೆ ಹಿಡಿದು, ಭಾನುವಾರ ಒಂದೇ ಒಂದು ಆಟ ಹಾಕುತ್ತಿದ್ದರು. ಬಿಟ್ಟರೆ ಮತ್ತೆ ಸಿಗಲ್ಲ ಅಂತ ಮಕ್ಕಳು ಮರಿ ಕಟ್ಟಿಕೊಂಡು ಗಂಟೆಗಟ್ಟಲೆ ಕಾರು ಓಡಿಸಿ ಬರುತ್ತಿದ್ದರು. ಈಗ ದೊಡ್ಡ ಸಿನಿಮಾ ಆದರೆ ಅವರಿಗೆ ಗುರುವಾರ ಸಂಜೆಯೇ ಪ್ರೀಮಿಯರ್. ಆಗ ನಮಗೆ ಶುಕ್ರವಾರ ಬೆಳಿಗ್ಗೆ.

ಗುರುವಾರ ಸಂಜೆ ಯಾಕೆ ಒಳ್ಳೆಯದಾಯಿತು ಅಂದೆನಲ್ಲ. ಈಗ ಏಳೂಮುಕ್ಕಾಲು. ನಾಳೆಯ ಆಟದ ಸಮಯ ಫೋನಿನಲ್ಲಿ ಬಂದಿರಬೇಕು, ತಡೀರಿ ನೋಡ್ತೀನಿ... ಬಂದಿದೆ. ನಮ್ಮೂರಿಗೆ ಎರಡು ಕನ್ನಡ ಸಿನಿಮಾ. ಒಂದಕ್ಕೆ ನಾಲ್ಕು ಆಟ, ಅದಕ್ಕೆ ಆಗಲೇ ಅರ್ಧ ಸೀಟು ಹೋಗಿದೆ. ಇನ್ನೊಂದಕ್ಕೆ ಬೆಳಿಗ್ಗೆ ಹತ್ತೂಕಾಲರ ಒಂದೇ ಆಟ. ಎರಡು ಸೀಟು ಮಾತ್ರ ಕೆಂಪಾಗಿದೆ. ಅದರಲ್ಲಿ ಒಂದು ನನ್ನದು, ಮಧ್ಯಾಹ್ನವೇ ತಗೊಂಡೆ. ಇನ್ನೊಂದು ಯಾರದ್ದೋ. ಬರೋರಿದ್ದರೆ ಹತ್ತಕ್ಕೆ ಗೇಟಿನ ಪಕ್ಕದ ಟೀ ಅಂಗಡಿ ಮುಂದೆ ಸಿಗಿ, ಟೀ ನನ್ನ ಲೆಕ್ಕ.